ಔಟ್‌ಪುಟ್ ಬಂತು, ಸರಿ ಇದೆಯಾ?

2ರ ಘಾತ 13,62,79,841. ಅದರಲ್ಲಿ 1 ಕಳೆಯಿರಿ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಈ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ 3,000 ಅಂಕಿಯಂತೆ ಅಚ್ಚು ಹಾಕಿದ್ರೂ 13 ಸಾವಿರ ಪುಟ ದಾಟುತ್ತೆ.

"ಇದ್ರಿಂದ ಏನ್ ಉಪಯೋಗ?" ಅಂತ ಕೇಳಿದ್ರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಎನ್‌ಕ್ರಿಪ್ಷನ್. ಅದು ಸರಿಯಲ್ಲ. 2048 ಬಿಟ್‌ನ ಆರ್‌ಎಸ್‌ಎ ಕೀಗೆ ಮುನ್ನೂರು ಚಿಲ್ಲರೆ ಅಂಕಿಯ ಎರಡು ಅವಿಭಾಜ್ಯಗಳು ಸಾಕು, ಅವೂ ಗುಟ್ಟಾಗಿರಬೇಕು. ಊರಿಗೆಲ್ಲ ಹಂಚಿದ ಬೀಗದ ಕೈಯಿಂದ ಯಾರ ಮನೆ ಕಾಯೋಕಾಗುತ್ತೆ?

ನನ್ನ ಪ್ರಕಾರ ನಾವು ನೋಡಬೇಕಾದ್ದು ಅದನ್ನು ಪರೀಕ್ಷೆ ಮಾಡಿದ ರೀತಿ. ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯನ್ನು ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು. 2ರ ಘಾತ 7ರಲ್ಲಿ 1 ಕಳೆದರೆ 127. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿ ಶೇಷ ಇಟ್ಕೊಳ್ಳಿ. ಆ ಶೇಷಕ್ಕೂ ಹಾಗೇ ಮಾಡಿ: 14, 67, 42, 111, 0. ಘಾತಕ್ಕಿಂತ ಎರಡು ಕಡಿಮೆ, ಅಂದ್ರೆ ಐದನೇ ಹೆಜ್ಜೆಗೆ ಸೊನ್ನೆ ಬಂತು. 127 ಅವಿಭಾಜ್ಯ. ದೊಡ್ಡ ಸಂಖ್ಯೆಗೂ ಇದೇ ಲೆಕ್ಕ, ಹೆಜ್ಜೆಗಳು ಮಾತ್ರ 13 ಕೋಟಿಗೂ ಹೆಚ್ಚು. ನಡುವೆ ಒಂದು ಬಿಟ್ ತಪ್ಪಿದ್ರೂ ಉತ್ತರ ನಂಬೋ ಹಾಗಿಲ್ಲ.

ಎನ್‌ವಿಡಿಯಾದಲ್ಲಿ ಮೊದಲು ಕೆಲಸ ಮಾಡಿದ್ದ ಲ್ಯೂಕ್ ಡ್ಯುರಾಂಟ್ ಅವರು ಹಲವು ದೇಶಗಳಲ್ಲಿ ಓಡಿಸುತ್ತಿದ್ದ ಜಿಪಿಯುಗಳಲ್ಲಿ ಡಬ್ಲಿನ್‌ನ ಒಂದು, ಅಕ್ಟೋಬರ್ 11ರಂದು "ಬಹುಶಃ ಅವಿಭಾಜ್ಯ" ಅಂದಿತು. ಆ "ಬಹುಶಃ" ಸಾಲಲಿಲ್ಲ. ಮರುದಿನ ಟೆಕ್ಸಾಸ್‌ನ ಇನ್ನೊಂದು ಜಿಪಿಯು ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಮುಗಿಸಿತು. ಬೇರೆ ಪ್ರೋಗ್ರಾಂ, ಬೇರೆ ಹಾರ್ಡ್‌ವೇರ್‌ನಲ್ಲಿ ಮತ್ತೆ ಮತ್ತೆ ತಾಳೆ ನೋಡಿದ ಮೇಲೆ, 21ಕ್ಕೆ ಪ್ರಕಟಣೆ.

ನಮ್ಮಲ್ಲಿ? ಎಐ ಬರೆದ ಕೋಡ್ ಒಂದು ಇನ್‌ಪುಟ್‌ಗೆ ಓಡಿದ್ರೆ ಸಬ್‌ಮಿಟ್. ಒಬ್ಬರ ರೀಡಿಂಗ್ ಇಡೀ ಬ್ಯಾಚ್‌ನ ರೆಕಾರ್ಡ್‌ಗೆ.

1994ರಲ್ಲಿ ಅಮೆರಿಕದ ಗಣಿತದ ಪ್ರೊಫೆಸರ್ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯಗಳ ಲೆಕ್ಕ ತಾಳೆಯಾಗದ್ದನ್ನು ಅಲ್ಲಿಗೇ ಬಿಡಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪೆಂಟಿಯಂ ಚಿಪ್‌ನ ಭಾಗಾಕಾರದ ದೋಷ. ಇಂಟೆಲ್‌ಗೆ ಬಿದ್ದ ಹೊರೆ 47.5 ಕೋಟಿ ಡಾಲರ್. "ಏನ್ ಉಪಯೋಗ" ಅನ್ನೋರಿಗೆ ಇದಕ್ಕಿಂತ ಉತ್ತರ ಬೇಕಾ?

ನಾಳೆ ನಾವು ಬರೆಯೋ ಕೋಡ್ ಆಸ್ಪತ್ರೆಯ ಯಂತ್ರದಲ್ಲೋ ಬಸ್ಸಿನ ಬ್ರೇಕ್‌ನಲ್ಲೋ ಕೂತಿರುತ್ತೆ. ಅಲ್ಲಿ ರೀ-ವ್ಯಾಲ್ಯುಯೇಷನ್ ಇಲ್ಲ. ಎರಡನೇ ಸಲ, ಬೇರೆ ದಾರಿಯಲ್ಲಿ ತಾಳೆ ನೋಡೋ ಅಭ್ಯಾಸ ಈ ಸೆಮಿಸ್ಟರ್‌ನಲ್ಲೇ ಶುರುವಾಗಲಿ.