ಕೌಂಟರಿನಲ್ಲಿ ಕೇಳಬಾರದ ಪ್ರಶ್ನೆ

ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದ ಹುಡುಗಿಯನ್ನು ಚೀಟಿ ಬರೆಯುವಾತ ಗಾಜಿನ ಆಚೆಯಿಂದಲೇ ಗಟ್ಟಿಯಾಗಿ ಕೇಳುತ್ತಾನೆ: ಮದುವೆ ಆಗಿದೆಯಾ? ಗಂಡನ ಹೆಸರೇನು? ಯಾವ ಜನ? ಸಾಲಿನಲ್ಲಿ ನಿಂತವರ ಕಿವಿ ಅತ್ತ ತಿರುಗುತ್ತದೆ. ಅವರಲ್ಲಿ ಅವಳ ಊರಿನವರೂ ಇರಬಹುದು. ಆಕೆ ತಗ್ಗಿದ ದನಿಯಲ್ಲಿ ಒಂದು ಸುಳ್ಳು ಹೇಳುತ್ತಾಳೆ. ಆ ಸುಳ್ಳೇ ಚೀಟಿಯ ಜೊತೆ ವೈದ್ಯರ ಮೇಜಿಗೆ ಹೋಗುತ್ತದೆ.

ಮುಟ್ಟು ತಪ್ಪಿದೆಯೇ, ಗರ್ಭ ನಿಂತಿರಬಹುದೇ ಎಂದು ವೈದ್ಯರು ಕೇಳಲೇಬೇಕು. ಚಿಕಿತ್ಸೆ ಆ ಉತ್ತರದ ಮೇಲೆ ನಿಂತಿದೆ. ಜಾತಿಯ ಮೇಲೆ ನಿಂತಿಲ್ಲ. ಸರ್ಕಾರಿ ಸವಲತ್ತಿಗೆ ಅದು ಬೇಕಿದ್ದರೆ, ಸವಲತ್ತು ಬಯಸಿದವರಿಂದ ಬೇರೆಯಾಗಿ ಪಡೆಯಲಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ತೀರ್ಪಿತ್ತಿತು. ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ‘ಗಂಡ’ ಎಂದಿದ್ದ ಕಡೆ ‘ಸಂಗಾತಿ’ ಎಂದು ಬರೆಯಿತು. ಮಹಿಳೆಯ ಹೆಸರು, ವಿವರಗಳನ್ನು ಬಯಲು ಮಾಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಎಂದೂ ಹೇಳಿತು. ಪ್ರಾಯಕ್ಕೆ ಬಂದ ಹೆಣ್ಣಿಗೆ ಗರ್ಭಪಾತಕ್ಕೆ ತನ್ನದೊಂದೇ ಒಪ್ಪಿಗೆ ಸಾಕು. ಹಾಗಿದ್ದೂ ಗಂಡನ ಸಹಿ ತನ್ನಿ ಎಂದು ಹೆಣ್ಣುಮಕ್ಕಳನ್ನು ವಾಪಸು ಕಳಿಸುವುದು ಕ್ರೌರ್ಯ.

ಕೌಂಟರಿನಲ್ಲಿ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು ಬರೆದುಕೊಂಡರೆ ಸಾಕು. ಮಿಕ್ಕಿದ್ದನ್ನು ವೈದ್ಯರೋ ನರ್ಸೋ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಏಕೆ ಕೇಳುತ್ತಿದ್ದೇವೆಂದು ತಿಳಿಸಿ ಕೇಳಲಿ. ಆರೋಗ್ಯ ಇಲಾಖೆ ಈ ಕುರಿತು ಸುತ್ತೋಲೆ ಹೊರಡಿಸಲಿ, ಖಾಸಗಿ ಆಸ್ಪತ್ರೆಗಳಿಗೂ ಅದು ಅನ್ವಯವಾಗಲಿ.