ಗೇರುಗುಡ್ಡೆಗೆ ಬಂದ ಹೆಲಿಕಾಪ್ಟರ್



ಫೋಂಡಾದಲ್ಲಿ ಕನ್ನಡ ಪೂಜೆ ಮುಗಿದ ಮೇಲೆ ಯಾರೂ ಬೇಗ ಮನೆಗೆ ಹೋಗುವುದಿಲ್ಲ. ಹಾವೇರಿ, ಗದಗ, ಬೆಳಗಾವಿ ಕಡೆಗಳಿಂದ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಕುಟುಂಬಗಳು ಬಾಯಿತುಂಬ ಕನ್ನಡ ಮಾತನಾಡುವುದಕ್ಕೆ ಚರ್ಚಿನ ಅಂಗಳವೇ ಜಾಗ. ಕಳೆದ ತಿಂಗಳ ಒಂದು ಭಾನುವಾರ ನಾವೂ ಅಲ್ಲಿ ನಿಂತಿದ್ದಾಗ ಒಬ್ಬ ತಾಯಿ ಮೊಬೈಲ್ ಹಿಡಿದುಕೊಂಡು ಬಂದರು. ಯಾರೋ ಕಳಿಸಿದ ಉದ್ದನೆಯ ಸಂದೇಶ. ದ್ರಾಕ್ಷಿ ವಿಷ, ಹೂಕೋಸು ವಿಷ, ಪ್ಲಾಸ್ಟಿಕ್ ಡಬ್ಬಿ ವಿಷ, ನಲ್ಲಿ ನೀರು ವಿಷ. ಕ್ಯಾನ್ಸರು, ಬಂಜೆತನ, ಮಕ್ಕಳ ಬುದ್ಧಿಮಾಂದ್ಯ ಎಲ್ಲಕ್ಕೂ ಇವೇ ಕಾರಣ. ಕೊನೆಯ ಸಾಲಿನಲ್ಲಿ ಮೈಯೊಳಗಿನ ವಿಷವನ್ನೆಲ್ಲ ತೆಗೆದುಹಾಕುವ ಒಂದು ಪುಡಿ, ಅದರ ಬೆಲೆ, ಫೋನ್ ನಂಬರು.

"ಫಾದರ್, ಇದು ಖರೇ ಏನ್ರಿ? ಹಿಂಗಾದ್ರ ಮಕ್ಕಳಿಗೆ ಏನ್ ತಿನ್ನಿಸೂದ್ರಿ?"

ಇಂಥದ್ದನ್ನೆಲ್ಲ ನಂಬಬೇಡಿ ಅಮ್ಮ ಎಂದು ಹೇಳಿ ಮುಗಿಸುವುದರಲ್ಲಿದ್ದೆವು. ಪಕ್ಕದಲ್ಲಿ ನಿಂತಿದ್ದ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಕಡೆಯವರೊಬ್ಬರು ನಮ್ಮನ್ನು ತಡೆದರು. "ಎಲ್ಲ ಸುಳ್ಳು ಅಂತ ಹೇಳ್ಬೇಡಿ ಫಾದರ್. ನಮ್ಮ ಗುಡ್ಡೆಗೆ ಹೆಲಿಕಾಪ್ಟರ್ ಬರುವಾಗ ನಮಗೂ ಹಾಗೇ ಹೇಳಿದ್ದು. ನಾವು ಮಕ್ಕಳೆಲ್ಲ ಓಡಿ ಹೋಗಿ ಅದಕ್ಕೆ ಕೈಬೀಸ್ತಾ ಇದ್ದೆವು."

ಆ ಮಾತು ನಮ್ಮನ್ನು ಬಿಡಲಿಲ್ಲ. ಈ ತಿಂಗಳ ಪುಟವನ್ನು ಆ ಹೆಲಿಕಾಪ್ಟರಿಗೇ ಮೀಸಲಿಡುತ್ತೇವೆ.

ಕಥೆ ಶುರುವಾಗುವುದು ಕಾಸರಗೋಡಿನಲ್ಲಿ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ, ಅದರೊಳಗೆ ಸ್ವರ್ಗ ಎಂಬ ಊರು. ಹೆಸರು ನಿಜವಾಗಿಯೂ ಸ್ವರ್ಗವೇ. ಕನ್ನಡ, ತುಳು ಆಡುವ ಜನ. 1956ರಲ್ಲಿ ಗಡಿ ಎಳೆದಾಗ ಕೇರಳಕ್ಕೆ ಸೇರಿದವರು. ಗುಡ್ಡದ ನೆತ್ತಿಯಲ್ಲಿ ಗೇರು, ಕೆಳಗೆ ಕಣಿವೆಯಲ್ಲಿ ಮನೆ, ಅಡಿಕೆ ತೋಟ, ತೋಡು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ಆ ಜಿಲ್ಲೆಯಲ್ಲಿ ಸುಮಾರು 4500 ಹೆಕ್ಟೇರ್ ಗೇರುತೋಟ. ಗೇರು ಚಿಗುರಿ ಹೂ ಬಿಡುವ ಕಾಲಕ್ಕೆ ಚಹಾ ಸೊಳ್ಳೆ ಎಂಬ ಕೀಟ ರಸ ಹೀರುತ್ತದೆ, ಹೂಗೊಂಚಲು ಸುಟ್ಟಂತೆ ಒಣಗುತ್ತದೆ. ಅದಕ್ಕೆ ಮದ್ದೆಂದು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು.

ಸಿಂಪಡಣೆಯ ದಿನ ಬಾವಿ ಮುಚ್ಚಿಕೊಳ್ಳಿರಿ ಎಂದು ಹೇಳುತ್ತಿದ್ದರಂತೆ. ಆದರೆ ಆ ಕಡೆಯ ಬಹಳ ಮನೆಗಳಿಗೆ ನೀರು ಸುರಂಗದ್ದು. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಬಿಲ, ಅಲ್ಲಿಂದ ಜಿನುಗುವ ನೀರು ತೆರೆದ ಕೊಳಕ್ಕೆ, ಕೊಳದಿಂದ ಮನೆಗೆ. ಸುರಂಗಕ್ಕೆ ಮುಚ್ಚಳ ಎಲ್ಲಿ ಹಾಕುವುದು? ತೋಡಿಗೆ ಹೊದಿಕೆ ಯಾರು ಹೊದಿಸಿಯಾರು? ಗುಡ್ಡದ ಮೇಲೆ ಬಿದ್ದದ್ದು ಮಳೆಗೆ ಕೆಳಗಿಳಿಯಲೇಬೇಕು. ಆ ಎಚ್ಚರಿಕೆ ಬರೆದವರು ಆ ಊರಿನ ನೀರನ್ನು ಒಮ್ಮೆ ನೋಡಿದ್ದರೆ ಸಾಕಿತ್ತು ಎಂದು ನಮಗೆ ಅನಿಸುತ್ತದೆ.

ಮೊದಲು ಗಮನಿಸಿದ್ದು ವಿಜ್ಞಾನಿಗಳಲ್ಲ. 1979ರಲ್ಲೇ ಪತ್ರಕರ್ತ ಶ್ರೀ ಪಡ್ರೆಯವರು ತಮ್ಮೂರಿನಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಕಂಡು ಬರೆದರು. 1980ರ ದಶಕದಲ್ಲಿ ಪಡ್ರೆಯ ವಾಣಿನಗರದಲ್ಲಿ ಚಿಕಿತ್ಸಾಲಯ ತೆರೆದ ಡಾ. ವೈ. ಎಸ್. ಮೋಹನಕುಮಾರ್ ಅವರಿಗೆ ಒಂದೇ ತೋಡಿನ ಆಸುಪಾಸಿನ ಕೆಲವೇ ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್, ಮಾನಸಿಕ ಕಾಯಿಲೆಗಳು ಇಷ್ಟೊಂದು ಏಕೆ ಎಂಬ ಪ್ರಶ್ನೆ ಎದ್ದಿತು. ಅವರು ವೈದ್ಯಕೀಯ ಪತ್ರಿಕೆಗೆ ಬರೆದು ಇತರ ವೈದ್ಯರ ನೆರವು ಕೇಳಿದರು. ಜಿಲ್ಲೆಯ ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿಯಮ್ಮ ಎಂಬ ಮಹಿಳೆ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ 2000ದಲ್ಲಿ ಸಿಂಪಡಣೆಗೆ ತಡೆಯಾಜ್ಞೆ ತಂದರು.

ಅಷ್ಟರವರೆಗೆ ಊರಿನವರು ಏನೆಂದುಕೊಂಡಿದ್ದರು? ದೈವದ ಮುನಿಸು, ಯಾವುದೋ ಶಾಪ ಎಂದೇ ಹಲವರ ನಂಬಿಕೆ. ಇದನ್ನು ಓದುವಾಗ ನಮಗೆ ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯ ನೆನಪಾಯಿತು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳುವುದೂ ಅದನ್ನೇ, ಪಾಪ ಮಾಡಿದವರು ಇವನೋ, ಇವನ ಹೆತ್ತವರೋ ಎಂದು. ಯೇಸುಸ್ವಾಮಿ ಎರಡನ್ನೂ ಅಲ್ಲಗಳೆಯುತ್ತಾರೆ. ನಮ್ಮ ಮನೆಗಳಲ್ಲೂ ಅಂಗವಿಕಲ ಮಗು ಹುಟ್ಟಿದರೆ ತಾಯಿಯ ಕಡೆಗೇ ಬೆರಳು ತೋರಿಸುವವರು ಇನ್ನೂ ಇದ್ದಾರೆ. ಪಡ್ರೆಯ ಎಷ್ಟು ತಾಯಂದಿರು ಆ ಬೆರಳನ್ನು ಸಹಿಸಿಕೊಂಡರೋ.

ಇನ್ನು, ಎಂಡೋಸಲ್ಫಾನೇ ಕಾರಣವೆಂದು ಹೇಗೆ ಗೊತ್ತು? ಮೊಬೈಲ್ ಸಂದೇಶವನ್ನೂ ಈ ಕಥೆಯನ್ನೂ ಬೇರೆ ಮಾಡುವುದು ಈ ಪ್ರಶ್ನೆಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಮೆದುಳನ್ನು ಶಾಂತವಾಗಿಡುವ ಒಂದು ಸಂಕೇತವಿದೆ. ಎಂಡೋಸಲ್ಫಾನ್ ಅದನ್ನು ತಡೆಯುತ್ತದೆ. ಕೀಟ ಒದ್ದಾಡಿ ಸಾಯುವುದು ಹೀಗೆ. ಒಮ್ಮೆಲೇ ಹೆಚ್ಚು ಒಳಹೊಕ್ಕರೆ ಮನುಷ್ಯನಿಗೂ ಫಿಟ್ಸ್ ಬರುತ್ತದೆ, ಸಾವೂ ಬರಬಹುದು. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಸ್ವಲ್ಪ ಸ್ವಲ್ಪವಾಗಿ, ನೀರಿನಲ್ಲಿ, ಗಾಳಿಯಲ್ಲಿ, ಇಪ್ಪತ್ತು ವರ್ಷ ಒಳಹೋದರೆ ಏನಾಗುತ್ತದೆ ಎಂಬುದರಲ್ಲಿ.

ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು ಮಾಡಿದ್ದು ಸರಳ ಕೆಲಸ. ಪಡ್ರೆಯ ಶಾಲಾಮಕ್ಕಳನ್ನು ಸುಮಾರು 20 ಕಿಲೋಮೀಟರ್ ದೂರದ ಮೀಂಜದ ಮಕ್ಕಳೊಂದಿಗೆ ಹೋಲಿಸಿದರು. ಅದೇ ಜಿಲ್ಲೆ, ಅದೇ ಬಗೆಯ ಬದುಕು. ಆದರೆ ಮೀಂಜದ ಮೇಲೆ ಹೆಲಿಕಾಪ್ಟರ್ ಹಾರಿರಲಿಲ್ಲ. ಅವರ ವರದಿಯ ಒಂದು ಭಾಗ 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಗೇರುಗುಡ್ಡದ ಬುಡದ 117 ಹುಡುಗರು, ಹೋಲಿಕೆಗೆ 90 ಹುಡುಗರು, ಎಲ್ಲರೂ 10ರಿಂದ 19 ವರ್ಷದವರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಮೊದಲ ಗುಂಪಿನವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿತ್ತು. ಅವರು ಪ್ರೌಢರಾಗುವುದೂ ತಡವಾಗಿತ್ತು.

ಇದು ಎಲ್ಲವನ್ನೂ ಸಾಬೀತು ಮಾಡಿತೆ? ಇಲ್ಲ. ಇನ್ನೂರು ಹುಡುಗರ ಅಧ್ಯಯನದಿಂದ ಕ್ಯಾನ್ಸರಿನ ಕಾರಣ ತಿಳಿಯುವುದಿಲ್ಲ. ಅದೇ 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರಿನಲ್ಲಿ, ಜನರ ರಕ್ತದಲ್ಲಿ ಬಹಳಷ್ಟು ಎಂಡೋಸಲ್ಫಾನ್ ಕಂಡರೆ, ತೋಟದ ಕಾರ್ಪೊರೇಶನ್ನಿನ ಪರವಾಗಿ ಪರೀಕ್ಷಿಸಿದವರಿಗೆ ಜನರ ರಕ್ತದಲ್ಲಿ ಅದು ಸಿಗಲೇ ಇಲ್ಲ. ಕೇಂದ್ರ ಸರಕಾರ ನೇಮಿಸಿದ ಸಮಿತಿಗಳು ಕಾಯಿಲೆಗೂ ಮದ್ದಿಗೂ ನಂಟು ಕಾಣುವುದಿಲ್ಲವೆಂದವು. ಈಗಲೂ ಹಾಗೆ ವಾದಿಸುವ ಕೃಷಿ ವಿಜ್ಞಾನಿಗಳಿದ್ದಾರೆ. ಯಾವ ಊರಿನಲ್ಲಾದರೂ ಅಂಗವೈಕಲ್ಯ, ಅಪಸ್ಮಾರ ಇದ್ದೇ ಇರುತ್ತವೆ, ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆನ್ನಲಾಗದು ಎಂಬುದು ಅವರ ಮಾತು. ಆ ಮಾತಿನಲ್ಲಿ ನ್ಯಾಯವಿದೆ. ನಮಗೆ ಒಪ್ಪಿಗೆಯಾಗದಿರುವುದು ಅದರ ಮುಂದಿನ ಹೆಜ್ಜೆ: ಸಾಬೀತಾಗುವ ತನಕ ಸುರಿಯುತ್ತಲೇ ಇರೋಣ ಎಂಬುದು. ಸಾಬೀತು ಮಾಡಬೇಕಾದವರು ಯಾರು? ಕಂಪನಿಗೆ ಪ್ರಯೋಗಾಲಯವಿದೆ, ಸರಕಾರಕ್ಕೆ ಸಮಿತಿಯಿದೆ. ಹಾಸಿಗೆ ಹಿಡಿದ ಮಗುವಿನ ತಾಯಿಯ ಕೈಯಲ್ಲಿ ಏನಿದೆ?

ಗೋವಾದ ಓದುಗರಿಗೆ ಇದು ದೂರದ ಊರಿನ ಸುದ್ದಿ ಎನಿಸಬೇಕಿಲ್ಲ. ನಮ್ಮ ಫೋಂಡಾ ತಾಲ್ಲೂಕಿನದೇ ಕೇರಿ ಗ್ರಾಮವನ್ನು ನೋಡಿ. ಅಲ್ಲೂ ಮೇಲೆ ಪ್ರಸ್ಥಭೂಮಿ, ಕೆಳಗೆ ಒರತೆ ನೀರು ಕುಡಿದು ಬೆಳೆದ ಅಡಿಕೆಯ ಕುಳಾಗರಗಳು. ಆ ಪ್ರಸ್ಥಭೂಮಿಯ ಮೇಲೆ ಥಾಪರ್ ಡುಪಾಂಟ್ ಕಂಪನಿಯ ನೈಲಾನ್ 6,6 ಕಾರ್ಖಾನೆ ಬರಬೇಕಿತ್ತು. ನೀರು ಕೆಟ್ಟೀತೆಂದು ಜನ ಎದ್ದುನಿಂತರು. 1995ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ನಿಲೇಶ್ ನಾಯಕ್ ಎಂಬ ಯುವಕ ಬಲಿಯಾದ. ಕಂಪನಿ ತಮಿಳುನಾಡಿಗೆ ಹೋಯಿತು. ಕಾರ್ಖಾನೆ ಬಂದಿದ್ದರೆ ನೀರು ಕೆಡುತ್ತಿತ್ತೇ? ಯಾರೂ ಹೇಳಲಾರರು, ಕೆಲಸ ಕೈತಪ್ಪಿತು ಎಂದು ಬೇಸರಪಟ್ಟವರೂ ಇದ್ದಿರಬೇಕು. ಕೇರಿಯವರು ತಮ್ಮ ಭಯ ನಿಜವೆಂದು ಎಂದೂ ತೋರಿಸಲಾರರು, ಏಕೆಂದರೆ ಅವರು ಮೊದಲೇ ತಡೆದರು. ಪಡ್ರೆಯವರಿಗೆ ಆ ಅವಕಾಶ ಸಿಗಲಿಲ್ಲ.

ನಮ್ಮ ಸುಪ್ರೀಂ ಕೋರ್ಟು 1996ರಲ್ಲೇ, ತಮಿಳುನಾಡಿನ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ಹಾನಿಯಿಲ್ಲವೆಂದು ತೋರಿಸುವ ಹೊಣೆ ಕಾರ್ಖಾನೆಯವನದೇ ಎಂದು ಹೇಳಿತ್ತು. ದಿವಂಗತ ಪರಮಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಬರೆದದ್ದೂ ಇದನ್ನೇ: ಸರಿಪಡಿಸಲಾಗದಂಥ ಹಾನಿಯ ಸೂಚನೆಯಿದ್ದರೆ ಪೂರ್ಣ ಪುರಾವೆಗಾಗಿ ಕಾಯದೆ ನಿಲ್ಲಿಸಬೇಕು, ಏಕೆಂದರೆ ತಮ್ಮನ್ನು ಕಾಪಾಡಿಕೊಳ್ಳಲಾರದವರನ್ನು ಕಾಯುವ ದಾರಿ ಅದು.

2011 ಎಲ್ಲವೂ ಒಟ್ಟಿಗೆ ಬಂದ ವರ್ಷ. ಫೆಬ್ರವರಿಯಲ್ಲಿ ಕರ್ನಾಟಕ ನಿಷೇಧ ಹೇರಿತು. ಏಪ್ರಿಲಿನಲ್ಲಿ ಜಿನೀವಾದಲ್ಲಿ ಜಗತ್ತಿನ ದೇಶಗಳು ಎಂಡೋಸಲ್ಫಾನನ್ನು ಕೈಬಿಡಲು ಒಪ್ಪಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆಹಿಡಿಯಿತು. 2017ರ ಜನವರಿಯಲ್ಲಿ ಅದೇ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿರಿ ಎಂದು ಕೇರಳಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಲೆಕ್ಕ ನೋಡಿದರೆ 3704 ಸಂತ್ರಸ್ತರಲ್ಲಿ ಹಣ ಮುಟ್ಟಿದ್ದು ಮತ್ತೆ ಕೋರ್ಟಿಗೆ ಹೋದ ಎಂಟು ಜನರಿಗೆ ಮಾತ್ರ. ಕೋರ್ಟು ಗದರಿದ ಮೇಲೆ ಹಂಚುವ ಕೆಲಸಕ್ಕೆ ವೇಗ ಬಂತು. ಕೊಕ್ಕಡದ ಕಡೆಯ ಗೇರುತೋಟ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ್ದು. ಅಲ್ಲಿಯವರಿಗೆ ಮಾಸಾಶನವೂ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರವೂ ಬಂದದ್ದು ಬಹಳ ತಡವಾಗಿ, ಊರಿನವರ ಹೋರಾಟದಿಂದ.

ಆ ತಾಯಿಗೆ ಮರುವಾರ ಹೀಗೆ ಹೇಳಿದೆವು. ದ್ರಾಕ್ಷಿ, ಹೂಕೋಸು ಬಿಡಬೇಡಿ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಎಲ್ಲ ಕಾಯಿಲೆಗೂ ಎಲ್ಲವೂ ಕಾರಣ ಎನ್ನುವವನು ಏನನ್ನೂ ಹೋಲಿಸಿ ನೋಡಿಲ್ಲ. ಆ ಪುಡಿಯನ್ನಂತೂ ಕೊಳ್ಳಬೇಡಿ. ವಿಷ ತೆಗೆಯುವ ಕೆಲಸಕ್ಕೆ ದೇವರು ಪಿತ್ತಜನಕಾಂಗವನ್ನೂ ಮೂತ್ರಪಿಂಡವನ್ನೂ ಕೊಟ್ಟಿದ್ದಾರೆ, ಅಂಥ ಕೆಲವು ಪುಡಿ-ಭಸ್ಮಗಳಲ್ಲೇ ಸೀಸ, ಪಾದರಸ ಸಿಕ್ಕಿದ್ದುಂಟು. ನಿಮ್ಮ ಗಂಡ ತೋಟಕ್ಕೆ ಔಷಧ ಹೊಡೆಯಲು ಹೋಗುತ್ತಾರಲ್ಲ, ಮೊದಲು ವಿಚಾರಿಸಬೇಕಾದದ್ದು ಅದು. ಆ ಬಟ್ಟೆ ಬೇರೆ ಒಗೆಯಿರಿ, ಖಾಲಿ ಡಬ್ಬಿ ಮನೆಗೆ ತರುವುದು ಬೇಡ.

ಆಕೆ ನಕ್ಕುಬಿಟ್ಟರು. "ಡಬ್ಬಿ ತಂದು ನೀರ್ ತುಂಬಿಟ್ಟೇವ್ರಿ ಫಾದರ್, ಛಲೋ ಗಟ್ಟಿ ಅದ."

ನಾವೂ ನಗುವಂತಿರಲಿಲ್ಲ. ಆ ವಾರ ನಮ್ಮ ಮನೆಯ ಹಿಂದಿನ ಶೆಡ್ಡನ್ನು ತೆರೆಸಿ ನೋಡಿದ್ದೆವು. ಗೊಬ್ಬರದ ಚೀಲಗಳ ಹಿಂದೆ ಅರ್ಧ ತುಂಬಿದ ಒಂದು ಕೀಟನಾಶಕದ ಡಬ್ಬಿ. ಹೆಸರು ಅಳಿಸಿಹೋಗಿದೆ, ಹಳದಿ ತ್ರಿಕೋನ ಮಾತ್ರ ಕಾಣುತ್ತದೆ. ನಮ್ಮ ದೇಶದಲ್ಲಿ ಕೆಂಪು ತ್ರಿಕೋನವಾದರೆ ಅತಿ ಘೋರ ವಿಷ, ಅದರ ನಂತರದ್ದು ಹಳದಿ, ಆಮೇಲೆ ನೀಲಿ, ಹಸಿರು. ಡಬ್ಬಿಯ ಪಕ್ಕದಲ್ಲಿ ಅಳತೆಗೆಂದು ಇಟ್ಟಿದ್ದು ನಮ್ಮ ಅಡಿಗೆಮನೆಯಿಂದ ಕಾಣೆಯಾಗಿದ್ದ ಸ್ಟೀಲ್ ಲೋಟ. ಹೂಳೋಣವೆಂದರೆ ಬಾವಿ ಹತ್ತಿರ, ಸುಟ್ಟರೆ ಹೊಗೆ, ಕಸದ ಗಾಡಿಯವನು ಮುಟ್ಟಲೊಲ್ಲ. ಸದ್ಯ ಬೀಗ ಹಾಕಿ, ಯಾರಿಗೆ ಒಪ್ಪಿಸಬೇಕೆಂದು ಕೇಳಿ ಒಂದು ಕಚೇರಿಗೆ ಪತ್ರ ಬರೆದಿದ್ದೇವೆ. ಉತ್ತರ ಬಂದರೆ ಈ ಪುಟದಲ್ಲೇ ತಿಳಿಸುತ್ತೇವೆ. ನಿಮ್ಮ ಮನೆಗಳಲ್ಲೂ ಅಂಥ ಡಬ್ಬಿ ಇದ್ದರೆ ಎಲ್ಲಿದೆ, ಎಷ್ಟಿದೆ ಎಂದು ನಮಗೆ ಹೇಳಿರಿ. ಒಟ್ಟಾಗಿ ಒಪ್ಪಿಸುವುದು ಸುಲಭ.