ನಿಂಬೆಹಣ್ಣು ಉಪ್ಪಿನಕಾಯಿಗೆ, ಗಡ್ಡಕ್ಕಲ್ಲ

ಅಕ್ಕ, ಚಿಕ್ಕಮ್ಮ, ಎಲ್ರೂ ಕೇಳಿ. "ನ್ಯಾಚುರಲ್ ಅಂದ್ಮೇಲೆ ಏನೂ ಆಗಲ್ಲ" ಅನ್ನೋ ಮಾತು ಮೊದ್ಲು ಬಿಡಿ. ಆಫ್ಟರ್‌ಶೇವ್ ಮುಗೀತು ಅಂತ ನಮ್ಮನೆಯವ್ರು ಬ್ಲೇಡಲ್ಲಿ ಗಡ್ಡ ಕೆರ್ಕೊಂಡು, ಹಿತ್ಲ ನಿಂಬೆಹಣ್ಣು ಉಜ್ಕೊಂಡು, ಬಿಸ್ಲಲ್ಲಿ ಕಾಫಿ ಕಣಕ್ಕೆ ಹೋದ್ರು. ಎರಡು ದಿನಕ್ಕೆ ಕೆನ್ನೆ ಮೇಲೆ ಬೊಬ್ಬೆ ಎದ್ವು. ಕಪ್ಪು ಕಲೆ ತಿಂಗಳಾದ್ರೂ ಹೋಗಿಲ್ಲ. ನಿಂಬೆರಸದ ಮೇಲೆ ಬಿಸ್ಲು ಬಿದ್ರೆ ಚರ್ಮ ಸುಡುತ್ತೆ ಕಣ್ರೇ. ನಿಂಬೆಯೂ ನ್ಯಾಚುರಲ್ಲೇ ತಾನೆ?

ಹಾಗಂತ ನೂರಾರು ರೂಪಾಯಿ ಕೊಟ್ಟು ಗಿಡಮೂಲಿಕೆ ಬಾಟ್ಲೂ ತರಬೇಡಿ. ದೃಷ್ಟಿಗೆ ಅಂತ ಬಾಗಿಲಿಗೆ ಕಟ್ತೀವಲ್ಲ, ಆ ಪಟಿಕ ಅಂಗಡೀಲಿ ಸಿಗುತ್ತೆ. ಒದ್ದೆ ಮುಖಕ್ಕೆ ಒಂದ್ಸಲ ಸವರಿ ತೊಳೆದ್ರೆ ಚರ್ಮ ಬಿಗಿಯುತ್ತೆ, ಸಣ್ಣ ಗಾಯದ ರಕ್ತ ನಿಲ್ಲುತ್ತೆ. ಆದ್ರೆ ಅಪ್ಪಂಗೂ ಮಗಂಗೂ ಒಂದೇ ತುಂಡು ಬೇಡ, ರಕ್ತ ಅಂಟಿರುತ್ತೆ. ತುಂಬಾ ಉರಿದ್ರೆ ಅದನ್ನೂ ಬಿಟ್ಬಿಡ್ಲಿ, ತಣ್ಣೀರೇ ಸಾಕು.